ಅಡ್ಡ ಮಲಗುವ ಕಾರ್ಡುಗಳು

ಹೋಟೆಲಿನಲ್ಲಿ ನಾವು ಕೇಳಿದ ತಿಂಡಿಯನ್ನು ತಂದಿಡುವಾತನನ್ನು ಸರ್ವರ್ ಎನ್ನುವುದು ನಮ್ಮಲ್ಲಿ ರೂಢಿ. ಕಂಪ್ಯೂಟರುಗಳ ಲೋಕದ ಸರ್ವರ್ ಕೂಡ ಅಂತಹ ಪರಿಚಾರಕನೇ. ನೂರಾರು ಜನ ಬೇರೆ ಬೇರೆ ಕಡೆಗಳಿಂದ ಕೇಳಿದ ಮಾಹಿತಿಯನ್ನು ಹಗಲಿರುಳೆನ್ನದೆ ಒದಗಿಸುವುದೇ ಅದರ ಕಾಯಕ. ದೊಡ್ಡ ಸಂಸ್ಥೆಗಳು ಈ ಯಂತ್ರಗಳನ್ನು ಕೆಲವು ವರ್ಷ ದುಡಿಸಿಕೊಂಡು, ಹೊಸವು ಬಂದೊಡನೆ ಹಳೆಯವನ್ನು ವಿಲೇವಾರಿ ಮಾಡುವುವು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಅವು ಅಗ್ಗವಾಗಿ ದೊರೆಯುವುದುಂಟು. ಕಾಲೇಜಿನ ಪ್ರಯೋಗಾಲಯಗಳೂ ಉತ್ಸಾಹಿಗಳಾದ ವಿದ್ಯಾರ್ಥಿಗಳೂ ಅವನ್ನು ಕೊಳ್ಳುವುದು ಈಗ ಅಪರೂಪವಲ್ಲ.

ಹೀಗೆ ಕೊಂಡ ಯಂತ್ರದ ಮುಚ್ಚಳವನ್ನು ತೆರೆದಾಗ ಹಲವು ವೇಳೆ ಒಂದು ಕೊರತೆ ಕಾಣುವುದು. ಜಾಲದ ಕಾರ್ಡನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಕೂಡಿಸಲು ನಡುವೆ ಇರಬೇಕಾದ ಒಂದು ಚಿಕ್ಕ ಹಲಗೆ ಅಲ್ಲಿ ಇರುವುದಿಲ್ಲ. ಅದೇ ರೈಸರ್ ಕಾರ್ಡು. ಅದರ ಒಂದು ಅಂಚಿನಲ್ಲಿ ಚಿನ್ನದ ಲೇಪವುಳ್ಳ ಹಲ್ಲುಗಳು. ಮುಖದ ಮೇಲೆ ಒಂದೋ ಎರಡೋ ಸ್ಲಾಟುಗಳು. ತಂತಿಗಳನ್ನು ಇಲ್ಲಿಂದ ಅಲ್ಲಿಗೆ ಎಳೆದಿರುವುದಷ್ಟೆ, ಇದರಲ್ಲೇನು ಮಹಾ ಎಂದು ತೋರಿ, ಅಂಗಡಿಯಲ್ಲಿ ಕೈಗೆ ಸಿಕ್ಕಿದ ಒಂದನ್ನು ತಂದು ಸಿಕ್ಕಿಸುವವರು ಇಲ್ಲದಿಲ್ಲ. ಅದು ಸಲೀಸಾಗಿ ಕೂತೂ ಬಿಡುವುದು. ಆಮೇಲೆ ಯಂತ್ರ ಏಳದಿರಬಹುದು. ಎದ್ದರೂ ಕೂಡಿಸಿದ ಕಾರ್ಡು ಅದರ ಕಣ್ಣಿಗೆ ಬೀಳದಿರಬಹುದು. ಬಿದ್ದರೂ ಅರ್ಧ ವೇಗದಲ್ಲಿ ತೆವಳಬಹುದು. ದುರದೃಷ್ಟವಿದ್ದರೆ ಮದರ್‌ಬೋರ್ಡೇ ಸುಟ್ಟುಹೋಗಬಹುದು. ವರ್ಷಕ್ಕೊಮ್ಮೆ ಬರುವ ಅನುದಾನದಲ್ಲಿ ಯಂತ್ರ ಕೊಂಡ ವಿಭಾಗಕ್ಕೆ ಇದು ಸಣ್ಣ ನಷ್ಟವಲ್ಲ. ಸ್ಲಾಟಿನಲ್ಲಿ ಕೂರುವುದು ಬೇರೆ, ಬೋರ್ಡಿಗೆ ಹೊಂದುವುದು ಬೇರೆ. ಆ ಭೇದ ಎಲ್ಲೆಲ್ಲಿ ಅಡಗಿದೆಯೆಂಬುದನ್ನು ನೋಡೋಣ.

ರೈಸರ್ ಬೇಕಾದುದಾದರೂ ಏಕೆ? ಸರ್ವರ್ ಯಂತ್ರಗಳನ್ನು ರ್ಯಾಕ್ ಎಂಬ ಲೋಹದ ಚೌಕಟ್ಟಿನಲ್ಲಿ ಒಂದರ ಮೇಲೊಂದರಂತೆ ಜೋಡಿಸುವರು. ಅವುಗಳ ಎತ್ತರವನ್ನು ‘ಯು’ ಎಂಬ ಮಾನದಿಂದ ಅಳೆಯುವುದು ವಾಡಿಕೆ. ೧ ಯು ಎಂದರೆ ೧.೭೫ ಅಂಗುಲ, ಅರ್ಥಾತ್ ೪೪.೪೫ ಮಿಲಿಮೀಟರು. ಪೂರ್ಣಪ್ರಮಾಣದ ಕಾರ್ಡಿನ ಎತ್ತರವೋ ಸುಮಾರು ೧೧೧ ಮಿಲಿಮೀಟರು. ಗಿಡ್ಡ ಕಾರ್ಡಿನದು ಸುಮಾರು ೬೯. ೧ ಯು ಪೆಟ್ಟಿಗೆಯಲ್ಲಿ ಇವೆರಡರಲ್ಲಿ ಯಾವುದೂ ನೆಟ್ಟಗೆ ನಿಲ್ಲಲಾರದು. ೨ ಯು ಪೆಟ್ಟಿಗೆಯಲ್ಲಿ ಗಿಡ್ಡದು ನಿಲ್ಲಬಹುದು, ಪೂರ್ಣಪ್ರಮಾಣದ್ದು ನಿಲ್ಲಲಾರದು. ಆದಕಾರಣ ಮದರ್‌ಬೋರ್ಡಿನ ಸ್ಲಾಟಿನಲ್ಲಿ ರೈಸರನ್ನು ನಿಲ್ಲಿಸಿ, ಅದರ ಪಕ್ಕಕ್ಕೆ ಕಾರ್ಡನ್ನು ಅಡ್ಡಲಾಗಿ ಮಲಗಿಸುವರು.

ಮೊದಲನೆಯ ತೊಡಕು ಇಲ್ಲಿಯೇ ಇದೆ. ಕಾರ್ಡು ರೈಸರಿನ ಯಾವ ಪಕ್ಕಕ್ಕೆ ಮಲಗಬೇಕು? ಎಡಕ್ಕೆ ಮಲಗಿಸುವ ರೈಸರುಗಳು ಬೇರೆ, ಬಲಕ್ಕೆ ಮಲಗಿಸುವವು ಬೇರೆ. ಎಡಗಾಲಿನ ಚಪ್ಪಲಿಯನ್ನು ತಿರುಗಿಸಿದ ಮಾತ್ರಕ್ಕೆ ಅದು ಬಲಗಾಲಿನದಾಗದು. ರೈಸರಿನ ವಿಷಯವೂ ಹಾಗೆಯೇ. ಸ್ಲಾಟಿನ ಎರಡು ಸಾಲು ಸಂಪರ್ಕಬಿಂದುಗಳಿಗೂ ಬೇರೆ ಬೇರೆ ಕೆಲಸಗಳು ಗೊತ್ತಾಗಿವೆ, ಮತ್ತು ಹಿಂದುಮುಂದಾಗಿ ಕೂರದಂತೆ ತಡೆಯಲು ಹಲ್ಲುಗಳ ನಡುವೆ ಒಂದು ಕಚ್ಚನ್ನು ಇಟ್ಟಿರುವರು. ತಪ್ಪು ಕೈಯ ರೈಸರನ್ನು ತಂದರೆ ಕಾರ್ಡಿನ ತಲೆ ಪೆಟ್ಟಿಗೆಯ ಹಿಂಬದಿಯ ಕಿಂಡಿಗೆ ಸೇರದೆ, ಮೆಮೊರಿ ಕಾರ್ಡುಗಳ ಮೇಲೆ ಹೋಗಿ ಕೂರುವುದು. ಇದು ಕಣ್ಣಿಗೆ ಕಾಣುವ ದೋಷವಾದುದರಿಂದ ಅಪಾಯವಿಲ್ಲ, ಹಣವಷ್ಟೇ ಹೋಗುವುದು. ಕಣ್ಣಿಗೆ ಕಾಣದವು ಮುಂದಿವೆ.

ಈ ಸ್ಲಾಟಿನ ವ್ಯವಸ್ಥೆಗೆ ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂದು ಹೆಸರು. ೧೯೯೨ರಲ್ಲಿ ಬಂದ ಹಳೆಯ ಪಿ.ಸಿ.ಐ. ಪದ್ಧತಿಯಲ್ಲಿ ೩೨ ತಂತಿಗಳನ್ನು ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕಾಗಿದ್ದಿತು. ೨೦೦೩ರ ಸುಮಾರಿಗೆ ಬಳಕೆಗೆ ಬಂದ ಎಕ್ಸ್‌ಪ್ರೆಸ್ ಪದ್ಧತಿ ಆ ಹಂಚಿಕೆಯನ್ನೇ ತೊಡೆದುಹಾಕಿತು. ಇದರಲ್ಲಿ ಪ್ರತಿಯೊಂದು ಕಾರ್ಡಿಗೂ ಪ್ರೊಸೆಸರಿನಿಂದ ಪ್ರತ್ಯೇಕವಾದ ದಾರಿ ಇರುವುದು. ಆ ದಾರಿಯ ಒಂದೊಂದು ಪಥಕ್ಕೂ ಲೇನ್ ಎಂದು ಹೆಸರು. ಒಂದು ಲೇನಿನಲ್ಲಿ ನಾಲ್ಕು ತಂತಿಗಳು: ಹೋಗುವ ಸಂಕೇತಕ್ಕೊಂದು ಜೋಡಿ, ಬರುವ ಸಂಕೇತಕ್ಕೊಂದು ಜೋಡಿ. ಜೋಡಿಯ ಎರಡು ತಂತಿಗಳಲ್ಲಿಯೂ ಒಂದಕ್ಕೊಂದು ವಿರುದ್ಧವಾದ ವೋಲ್ಟೇಜುಗಳನ್ನು ಕಳುಹಿಸಿ, ಆಚೆಯ ತುದಿಯಲ್ಲಿ ಅವುಗಳ ವ್ಯತ್ಯಾಸವನ್ನು ಮಾತ್ರ ಗಮನಿಸುವರು. ಹೊರಗಿನ ಗದ್ದಲ ಎರಡು ತಂತಿಗಳ ಮೇಲೂ ಸಮನಾಗಿ ಬೀಳುವುದರಿಂದ ವ್ಯತ್ಯಾಸದಲ್ಲಿ ಅದು ಕಳೆದುಹೋಗುವುದು.

ಸ್ಲಾಟುಗಳಲ್ಲಿ ೧, ೪, ೮ ಮತ್ತು ೧೬ ಲೇನಿನವು ಸಾಮಾನ್ಯ. ಅವುಗಳಲ್ಲಿರುವ ಸಂಪರ್ಕಬಿಂದುಗಳು ಕ್ರಮವಾಗಿ ೩೬, ೬೪, ೯೮ ಮತ್ತು ೧೬೪. ಇಲ್ಲಿ ವಾಚಕರು ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಸ್ಲಾಟಿನ ಉದ್ದ ಅದರೊಳಗಿನ ಲೇನುಗಳ ಸಂಖ್ಯೆಗೆ ಪ್ರಮಾಣವಲ್ಲ. ೧೬ ಲೇನಿನಷ್ಟು ಉದ್ದವಾದ ಸ್ಲಾಟಿಗೆ ಎಂಟೇ ಲೇನುಗಳನ್ನು ಜೋಡಿಸಿರುವುದು ಬಹು ಸಾಮಾನ್ಯ. ಮದರ್‌ಬೋರ್ಡಿನಲ್ಲಿ ಹೀಗಾಗಿರಬಹುದು, ರೈಸರಿನಲ್ಲಿಯೂ ಆಗಿರಬಹುದು. ಬೋರ್ಡಿನ ಕೈಪಿಡಿಯಲ್ಲಿ ಇದನ್ನು ಹೇಳಿರುವರು. ಸ್ಲಾಟನ್ನು ನೋಡಿ ಊಹಿಸುವುದು ಸಲ್ಲದು.

ಇದರಿಂದಾಗುವ ವ್ಯತ್ಯಾಸವೆಷ್ಟು? ಮೂರನೆಯ ಪೀಳಿಗೆಯ ಎಕ್ಸ್‌ಪ್ರೆಸ್‌ನಲ್ಲಿ ಒಂದು ಲೇನು ಸೆಕೆಂಡಿಗೆ ೮೦೦ ಕೋಟಿ ಬಿಟ್‌ಗಳನ್ನು ಸಾಗಿಸುವುದು. ಪ್ರತಿ ೧೩೦ ಬಿಟ್‌ಗಳಲ್ಲಿ ೨ ಬಿಟ್‌ಗಳು ಹೊದಿಕೆಗೆ ಹೋಗುವುವು. ಎಂಟು ಬಿಟ್‌ಗೆ ಒಂದು ಬೈಟ್‌ನಂತೆ ಲೆಕ್ಕ ಹಾಕಿದರೆ ಲೇನೊಂದಕ್ಕೆ ಸೆಕೆಂಡಿಗೆ ೯೮.೫ ಕೋಟಿ ಬೈಟ್‌ಗಳು ದೊರೆಯುವುವು. ಎಂಟು ಲೇನುಗಳಿಗೆ ೭.೯ ಗಿಗಾಬೈಟ್, ಹದಿನಾರಕ್ಕೆ ೧೫.೮ ಗಿಗಾಬೈಟ್. ೧೦೦ ಗಿಗಾಬಿಟ್ ವೇಗದ ಒಂದು ಜಾಲದ ಕಾರ್ಡಿಗೆ ಬೇಕಾದುದು ಸೆಕೆಂಡಿಗೆ ೧೨.೫ ಗಿಗಾಬೈಟ್. ಅದನ್ನು ಮೂರನೆಯ ಪೀಳಿಗೆಯ ಎಂಟು ಲೇನಿನ ರೈಸರಿನಲ್ಲಿ ಕೂಡಿಸಿದರೆ ಕಾರ್ಡಿಗೆ ತೆತ್ತ ಹಣದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರಿನಲ್ಲಿ ಹೋಮ. ೧೦ ಗಿಗಾಬಿಟ್ ಕಾರ್ಡಾದರೆ ನಾಲ್ಕು ಲೇನುಗಳೇ ಧಾರಾಳವಾಗಿ ಸಾಕು.

ಒಂದು ರೈಸರಿನ ಮೇಲೆ ಎರಡು ಸ್ಲಾಟುಗಳಿದ್ದರೆ ಪ್ರಶ್ನೆ ಇನ್ನೂ ಸೂಕ್ಷ್ಮವಾಗುವುದು. ಕೆಳಗಿನಿಂದ ಬರುವ ೧೬ ಲೇನುಗಳನ್ನು ಎಂಟೆಂಟಾಗಿ ಇಬ್ಭಾಗ ಮಾಡಬೇಕು. ತಂತಿಗಳನ್ನು ಎರಡು ಕಡೆಗೆ ಎಳೆದರೆ ಭಾಗವಾಯಿತೆಂದು ತಿಳಿಯಬಾರದು. ಆ ತಂತಿಗಳಾಚೆ ಒಬ್ಬ ಅತಿಥಿಯಲ್ಲ, ಇಬ್ಬರು ಕೂತಿರುವರೆಂದು ಪ್ರೊಸೆಸರಿಗೆ ತಿಳಿದಿರಬೇಕು. ಈ ವಿಭಜನೆಯನ್ನು ಬೈಫರ್ಕೇಷನ್ ಎನ್ನುವರು. ಯಂತ್ರ ಏಳುವಾಗ ಓಡುವ ಬಯೋಸ್ ಎಂಬ ಮೂಲಕ್ರಮದಲ್ಲಿ ಇದಕ್ಕೆ ಅನುವಿದ್ದರೆ ಮಾತ್ರ ಎರಡನೆಯ ಕಾರ್ಡು ಕಾಣಿಸಿಕೊಳ್ಳುವುದು. ಅನುವಿಲ್ಲದ ಬೋರ್ಡುಗಳಿಗಾಗಿ ಸ್ವಿಚ್ ಚಿಪ್ ಉಳ್ಳ ರೈಸರುಗಳಿವೆ. ಅವುಗಳ ಬೆಲೆ ಹೆಚ್ಚು, ಮತ್ತು ಎರಡು ಕಾರ್ಡುಗಳೂ ಒಂದೇ ದಾರಿಯನ್ನು ಹಂಚಿಕೊಳ್ಳಬೇಕು. ಇದಲ್ಲದೆ ಪ್ರತಿಯೊಂದು ಸ್ಲಾಟಿಗೂ ೧೦೦ ಮೆಗಾಹರ್ಟ್ಸ್‌ನ ಒಂದು ತಾಳಸಂಕೇತ ಬೇಕು. ಸಾಮಾನ್ಯ ಸ್ಲಾಟಿನಿಂದ ದೊರೆಯುವುದು ಒಂದೇ ಜೋಡಿ ತಾಳತಂತಿ. ಎರಡನೆಯದನ್ನು ರೈಸರು ತಾನೇ ಒಂದು ಚಿಪ್ಪಿನ ಮೂಲಕ ಉಂಟುಮಾಡಿಕೊಳ್ಳಬೇಕು, ಇಲ್ಲವೆ ಬೋರ್ಡು ಬೇರೆ ಬಿಂದುಗಳಲ್ಲಿ ಒದಗಿಸಬೇಕು.

ಸರ್ವರ್ ತಯಾರಕರು ತಮ್ಮ ತಮ್ಮ ದಾರಿ ಹಿಡಿದುದು ಇಲ್ಲಿಯೇ. ಎರಡು ಮೂರು ಕಾರ್ಡುಗಳಿಗೆ ಬೇಕಾದ ಲೇನು, ತಾಳ, ವಿದ್ಯುತ್ತು ಎಲ್ಲವನ್ನೂ ಒಂದೇ ಸ್ಲಾಟಿನಿಂದ ರೈಸರಿಗೆ ಕೊಡಬೇಕೆಂದರೆ ೧೬೪ ಬಿಂದುಗಳು ಸಾಲವು. ಆದುದರಿಂದ ತಮ್ಮದೇ ಆದ ಉದ್ದನೆಯ ಕನೆಕ್ಟರುಗಳನ್ನು ಅವರು ಮಾಡಿಕೊಂಡರು. ಸೂಪರ್‌ಮೈಕ್ರೊ ಸಂಸ್ಥೆಯ ಡಬ್ಲ್ಯು.ಐ.ಒ. ಎಂಬ ಮಾದರಿ ಇದಕ್ಕೆ ಒಳ್ಳೆಯ ಉದಾಹರಣೆ. ಇದರ ಎಡಗಡೆಯ ರೈಸರ್ ಸ್ಲಾಟಿಗೆ ೩೨ ಲೇನುಗಳನ್ನು ತಂದಿರುವ ಬೋರ್ಡುಗಳಿವೆ. ಇಂತಹ ಸ್ಲಾಟಿನಲ್ಲಿ ಕಾರ್ಡನ್ನು ನೇರವಾಗಿ ಕೂಡಿಸುವುದು ಎಂದಿಗೂ ಸಲ್ಲದು; ಅದು ರೈಸರಿಗೆ ಮಾತ್ರ ಮೀಸಲು. ಡೆಲ್, ಎಚ್.ಪಿ. ಮುಂತಾದವರ ರೈಸರುಗಳಂತೂ ಒಂದು ಮಾದರಿಯ ಯಂತ್ರದವು ಇನ್ನೊಂದಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಉದ್ದನೆಯ ಕನೆಕ್ಟರು ಇದ್ದಲ್ಲಿ ಕಣ್ಣೇ ಎಚ್ಚರಿಸುವುದು. ಗಾತ್ರದಲ್ಲಿ ಸಾಮಾನ್ಯ ಸ್ಲಾಟನ್ನೇ ಹೋಲುವ ಕನೆಕ್ಟರಿಗೆ ತಯಾರಕನು ಬೇರೆ ಬಗೆಯ ತಂತಿಗಳನ್ನು ಕೊಟ್ಟಿರುವಲ್ಲಿ ಅಪಾಯ ನಿಜವಾದದ್ದು. ಸಾಮಾನ್ಯ ಸ್ಲಾಟಿನಲ್ಲಿ ೧೨ ವೋಲ್ಟು ಮತ್ತು ೩.೩ ವೋಲ್ಟುಗಳ ಬಿಂದುಗಳೆಲ್ಲವೂ ಕಚ್ಚಿನ ಈಚೆಗಿನ ಚಿಕ್ಕ ಭಾಗದಲ್ಲಿ, ಎರಡು ಬದಿಗೂ ಸೇರಿ ೨೨ ಬಿಂದುಗಳ ಒಳಗೆ ಇರುವುವು. ಆಚೆಗಿನ ಉದ್ದನೆಯ ಭಾಗದಲ್ಲಿ ಒಂದು ವೋಲ್ಟಿನ ಆಸುಪಾಸಿನ ಸಂಕೇತಗಳು ಮಾತ್ರ. ತಯಾರಕನ ವಿಶೇಷ ಸ್ಲಾಟು ಈ ಭಾಗದಲ್ಲಿ ೧೨ ವೋಲ್ಟನ್ನು ಇಟ್ಟಿದ್ದರೆ, ಅಲ್ಲಿ ಕೂಡಿಸಿದ ಸಾಮಾನ್ಯ ರೈಸರು ಆ ವೋಲ್ಟೇಜನ್ನು ನೇರವಾಗಿ ಕಾರ್ಡಿನ ನಾಜೂಕಾದ ಚಿಪ್ಪಿಗೆ ತಲುಪಿಸುವುದು. ಒಂದು ಕ್ಷಣ ಸಾಕು, ಚಿಪ್ಪು ಹೋಯಿತು. ಆದಕಾರಣ ಬೋರ್ಡಿನ ಮೇಲೆ ಸ್ಲಾಟಿನ ಪಕ್ಕದಲ್ಲಿ ಮುದ್ರಿಸಿರುವ ಹೆಸರನ್ನು ಓದಿ, ಕೈಪಿಡಿಯ ಪಟ್ಟಿಯೊಡನೆ ತಾಳೆ ನೋಡದೆ ಯಾವ ರೈಸರನ್ನೂ ಕೂಡಿಸಬಾರದು. ಹೊರರೂಪದಿಂದ ಮೋಸಹೋಗುವುದಕ್ಕೆ ಪೇಟೆಯಲ್ಲಿ ಇನ್ನೊಂದು ನಿದರ್ಶನವಿದೆ. ಕ್ರಿಪ್ಟೋನಾಣ್ಯದ ಗಣಿಗಾರಿಕೆಗೆಂದು ತಯಾರಾದ ಅಗ್ಗದ ರೈಸರುಗಳಲ್ಲಿ ಯು.ಎಸ್.ಬಿ. ಕೇಬಲಿನಂತಹ ಕೇಬಲೊಂದು ಇರುವುದು. ಅದರೊಳಗೆ ಹರಿಯುವುದು ಯು.ಎಸ್.ಬಿ. ಅಲ್ಲ, ಎಕ್ಸ್‌ಪ್ರೆಸ್‌ನ ಒಂದೇ ಒಂದು ಲೇನು. ಸರ್ವರ್ ಯಂತ್ರಕ್ಕೆ ಅದು ತಕ್ಕದ್ದಲ್ಲ.

ಈಗ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವ ಭಾಗಕ್ಕೆ ಬರೋಣ. ಲೇನುಗಳು ಸರಿ, ತಾಳ ಸರಿ, ಎಡಬಲವೂ ಸರಿ. ಆದರೂ ಹಳೆಯ ರೈಸರು ಹೊಸ ಬೋರ್ಡಿನಲ್ಲಿ ತಪ್ಪುತಪ್ಪಾಗಿ ನಡೆಯುವುದೇಕೆ? ತಾಮ್ರ ಹಳೆಯದಾದರೇನು, ಹೊಸದಾದರೇನು?

ಮುದ್ರಿತ ಹಲಗೆಯ ಮೇಲೆ ವಿದ್ಯುತ್ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಅರ್ಧ. ಎಂದರೆ ಒಂದು ನ್ಯಾನೊಸೆಕೆಂಡಿನಲ್ಲಿ ೧೫ ಸೆಂಟಿಮೀಟರು. ಮೊದಲ ಪೀಳಿಗೆಯಲ್ಲಿ ಸೆಕೆಂಡಿಗೆ ೨೫೦ ಕೋಟಿ ಬಿಟ್‌ಗಳು ಹೋಗುತ್ತಿದ್ದುವು. ಒಂದೊಂದು ಬಿಟ್‌ಗೂ ೦.೪ ನ್ಯಾನೊಸೆಕೆಂಡು. ಹಾಗಾದರೆ ತಂತಿಯ ಮೇಲೆ ಒಂದು ಬಿಟ್‌ನ ಉದ್ದ ೬ ಸೆಂಟಿಮೀಟರು. ೨೦೧೦ರ ಮೂರನೆಯ ಪೀಳಿಗೆಯಲ್ಲಿ ಈ ಉದ್ದ ೧೯ ಮಿಲಿಮೀಟರಿಗೆ ಇಳಿಯಿತು. ೨೦೧೭ರ ನಾಲ್ಕನೆಯದರಲ್ಲಿ ೯ ಮಿಲಿಮೀಟರು ಚಿಲ್ಲರೆ. ೨೦೧೯ರ ಐದನೆಯದರಲ್ಲಿ ೫ ಮಿಲಿಮೀಟರಿಗೂ ಕಡಮೆ. ಪ್ರೊಸೆಸರಿನಿಂದ ಕಾರ್ಡಿಗೆ ೨೦ ಸೆಂಟಿಮೀಟರಿನ ದಾರಿಯೆಂದುಕೊಂಡರೆ, ಮೊದಲ ಪೀಳಿಗೆಯಲ್ಲಿ ಆ ದಾರಿಯ ಮೇಲೆ ಒಂದು ಕಾಲಕ್ಕೆ ಮೂರು ಬಿಟ್‌ಗಳಿರುತ್ತಿದ್ದುವು. ಐದನೆಯದರಲ್ಲಿ ನಲವತ್ತಕ್ಕೂ ಹೆಚ್ಚು ಬಿಟ್‌ಗಳು ಜಾತ್ರೆಯ ಜನದಂತೆ ಒಂದನ್ನೊಂದು ತಳ್ಳಿಕೊಂಡು ಸಾಗುವುವು.

ಇಂತಹ ದಾರಿಯಲ್ಲಿ ಕನೆಕ್ಟರು ಬಂದರೆ ಏನಾಗುವುದು? ನೀರಿನ ಅಲೆ ಕೊಳದ ದಂಡೆಗೆ ಬಡಿದು ಹಿಂದಿರುಗುವುದನ್ನು ಎಲ್ಲರೂ ಕಂಡಿರುವರು. ವಿದ್ಯುತ್ ಅಲೆಯೂ ಅದು ಸಾಗುವ ಮಾರ್ಗದ ಗುಣ ಬದಲಾದೊಡನೆ ಅಂಶತಃ ಹಿಂದಕ್ಕೆ ಪುಟಿಯುವುದು. ಆ ಗುಣಕ್ಕೆ ಇಂಪೀಡೆನ್ಸ್ ಎಂದು ಹೆಸರು. ತಂತಿಜೋಡಿಯ ಇಂಪೀಡೆನ್ಸನ್ನು ಉದ್ದಕ್ಕೂ ಒಂದೇ ಸಮನಾಗಿ, ಸಾಮಾನ್ಯವಾಗಿ ೮೫ ಅಥವಾ ೧೦೦ ಓಮ್ ಇರುವಂತೆ ಕಾಪಾಡಬೇಕು. ರೈಸರಿಲ್ಲದ ಯಂತ್ರದಲ್ಲಿ ಸಂಕೇತಕ್ಕೆ ಎದುರಾಗುವುದು ಒಂದೇ ಸ್ಲಾಟು. ರೈಸರು ಬಂದೊಡನೆ ಎರಡಾಗುವುವು. ಬಿಟ್‌ನ ಉದ್ದ ೬ ಸೆಂಟಿಮೀಟರು ಇದ್ದಾಗ ಕನೆಕ್ಟರಿನೊಳಗಿನ ಕೆಲವು ಮಿಲಿಮೀಟರುಗಳ ಏರುಪೇರು ಲೆಕ್ಕಕ್ಕೆ ಬರುತ್ತಿರಲಿಲ್ಲ. ಬಿಟ್ಟೇ ೫ ಮಿಲಿಮೀಟರಾದಾಗ ಆ ಏರುಪೇರು ಬಿಟ್‌ನಷ್ಟೇ ದೊಡ್ಡದು.

ಪುಟಿಯುವಿಕೆಯ ಜೊತೆಗೆ ನಷ್ಟವೂ ಉಂಟು. ಹೆಚ್ಚು ಆವೃತ್ತಿಯ ವಿದ್ಯುತ್ತು ತಂತಿಯ ಮೇಲ್ಮೈಯಲ್ಲಿಯೇ ಹರಿಯುವುದರಿಂದ ರೋಧ ಏರುವುದು. ಹಲಗೆಯ ಅವಾಹಕ ವಸ್ತುವೂ ಶಕ್ತಿಯನ್ನು ಹೀರಿ ಬಿಸಿಯಾಗುವುದು. ನಾಲ್ಕನೆಯ ಪೀಳಿಗೆಯಲ್ಲಿ ೮ ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಇಡೀ ದಾರಿಗೆ ಸುಮಾರು ೨೮ ಡೆಸಿಬೆಲ್ ನಷ್ಟಕ್ಕೆ ಅವಕಾಶ ಕೊಟ್ಟಿರುವರು. ಲೆಕ್ಕ ಬಿಡಿಸಿ ನೋಡಿದರೆ, ಹೊರಟ ವೋಲ್ಟೇಜು ೨೫ರಲ್ಲಿ ಒಂದು ಭಾಗಕ್ಕೆ ಇಳಿಯಬಹುದು ಎಂದರ್ಥ. ಐದನೆಯದರಲ್ಲಿ ೧೬ ಗಿಗಾಹರ್ಟ್ಸ್‌ನಲ್ಲಿ ೩೬ ಡೆಸಿಬೆಲ್, ಅಂದರೆ ೬೩ರಲ್ಲಿ ಒಂದು ಭಾಗ! ಇಷ್ಟು ಕ್ಷೀಣವಾದುದನ್ನು ಗುರುತಿಸುವ ಗ್ರಾಹಕ ಮಂಡಲಗಳ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಈ ಮಿತಿಯೊಳಗೆ ಮದರ್‌ಬೋರ್ಡು, ರೈಸರು, ಕಾರ್ಡು, ಕನೆಕ್ಟರುಗಳು ಎಲ್ಲವೂ ಅಡಗಬೇಕು. ಮೂರನೆಯ ಪೀಳಿಗೆಗೆಂದು ಸಾಮಾನ್ಯ ಹಲಗೆಯಲ್ಲಿ ಮಾಡಿದ ರೈಸರು ನಾಲ್ಕನೆಯದರಲ್ಲಿ ತನ್ನ ಪಾಲಿಗಿಂತ ಹೆಚ್ಚನ್ನು ತಿಂದುಹಾಕುವುದು. ತೀರ ದೂರದ ದಾರಿಗೆ ರಿಟೈಮರ್ ಎಂಬ ಚಿಪ್ಪನ್ನು ನಡುವೆ ಇಟ್ಟು, ಸಂಕೇತವನ್ನು ಓದಿ ಹೊಸದಾಗಿ ಬರೆದು ಮುಂದಕ್ಕೆ ಕಳುಹಿಸುವ ಏರ್ಪಾಡೂ ಉಂಟು.

ವಿಚಿತ್ರವೆಂದರೆ ಇಷ್ಟಾದರೂ ಯಂತ್ರ ದೂರು ಹೇಳುವುದಿಲ್ಲ. ಎಕ್ಸ್‌ಪ್ರೆಸ್‌ನ ಎರಡು ತುದಿಗಳೂ ಮೊದಲು ಸೆಕೆಂಡಿಗೆ ೨೫೦ ಕೋಟಿ ಬಿಟ್‌ಗಳ ಹಳೆಯ ವೇಗದಲ್ಲಿ ಮಾತಿಗೆ ತೊಡಗಿ, ಅನಂತರ ವೇಗವನ್ನು ಏರಿಸಿಕೊಳ್ಳುವುವು. ಏರಿದ ವೇಗದಲ್ಲಿ ಮಾತು ಕೇಳಿಸದಿದ್ದರೆ ಕೆಳಕ್ಕೆ ಇಳಿಯುವುವು. ಕೆಲವು ಲೇನುಗಳು ಕೆಟ್ಟಿದ್ದರೆ ಉಳಿದವುಗಳಿಂದಲೇ ಕೆಲಸ ಸಾಗಿಸುವುವು. ಇದು ಒಳ್ಳೆಯ ಗುಣವೇ ಸರಿ. ಆದರೆ ಕೊಳ್ಳುವವನಿಗೆ ತನ್ನ ರೈಸರು ಹೊಂದಿತೋ ಇಲ್ಲವೋ ತಿಳಿಯದೆ ಹೋಗುವುದೂ ಈ ಗುಣದಿಂದಲೇ.

ವಿದ್ಯುತ್ತಿನ ಪೂರೈಕೆಯ ಮಾತು ಉಳಿಯಿತು. ೧೬ ಲೇನಿನ ಸ್ಲಾಟಿನಿಂದ ಗ್ರಾಫಿಕ್ಸ್ ಕಾರ್ಡು ಹೆಚ್ಚೆಂದರೆ ೭೫ ವ್ಯಾಟ್ ಪಡೆಯಬಹುದು. ಇದರಲ್ಲಿ ೧೨ ವೋಲ್ಟಿನ ಪಾಲು ೫.೫ ಆಂಪಿಯರು, ಮತ್ತು ಅದನ್ನು ಹೊರುವುದು ಕೇವಲ ಐದು ಬಿಂದುಗಳು, ಒಂದೊಂದಕ್ಕೆ ೧.೧ ಆಂಪಿಯರು. ಎರಡು ಸ್ಲಾಟಿನ ರೈಸರಿನಲ್ಲಿ ಇಂತಹ ಎರಡು ಕಾರ್ಡುಗಳನ್ನು ಕೂಡಿಸಿ, ಬುಡದಲ್ಲಿ ಅದೇ ಐದು ಬಿಂದುಗಳಿದ್ದರೆ ಹೊರೆ ಇಮ್ಮಡಿಯಾಗುವುದು. ಬಿಂದುವಿನಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ನಾಲ್ಮಡಿಯಾಗುವುದು. ಆದಕಾರಣ ಹಲವು ರೈಸರುಗಳಿಗೆ ಪ್ರತ್ಯೇಕ ವಿದ್ಯುತ್ ಕೇಬಲನ್ನು ಕೊಟ್ಟಿರುವರು. ಈ ಕೇಬಲಿನ ವಿಷಯದಲ್ಲಿಯೂ ಎಚ್ಚರ ಬೇಕು. ಎಂಟು ಬಿಂದುಗಳ ಪ್ಲಗ್ಗುಗಳೆಲ್ಲವೂ ಒಂದೇ ಅಲ್ಲ. ಪ್ರೊಸೆಸರಿಗೆ ವಿದ್ಯುತ್ ಕೊಡುವ ಎಂಟು ಬಿಂದುಗಳ ಪ್ಲಗ್ಗಿನಲ್ಲಿಯೂ ಗ್ರಾಫಿಕ್ಸ್ ಕಾರ್ಡಿನ ಎಂಟು ಬಿಂದುಗಳ ಪ್ಲಗ್ಗಿನಲ್ಲಿಯೂ ೧೨ ವೋಲ್ಟು ಮತ್ತು ಭೂತಂತಿಗಳ ಸಾಲುಗಳು ಅದಲುಬದಲು. ಮಲ್ಟಿಮೀಟರಿನಿಂದ ಪರೀಕ್ಷಿಸುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಕೂಡಿಸುವುದು ಬುದ್ಧಿವಂತಿಕೆಯಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಡಬ್ಲ್ಯು.ಐ.ಒ. ಮಾದರಿಯ, ಎಡಗಡೆ ೩೨ ಲೇನುಗಳುಳ್ಳ ಒಂದು ೧ ಯು ಯಂತ್ರವಿದೆ. ಒಂದು ಗ್ರಾಫಿಕ್ಸ್ ಕಾರ್ಡನ್ನೂ ಒಂದು ಜಾಲದ ಕಾರ್ಡನ್ನೂ ಹಾಕಬೇಕಾಗಿದೆ. ಮೊದಲು ಕೈಪಿಡಿಯಲ್ಲಿ ಬೋರ್ಡಿನ ರೇಖಾಚಿತ್ರವನ್ನು ತೆಗೆದು, ಯಾವ ಸ್ಲಾಟು ಯಾವ ಪ್ರೊಸೆಸರಿಗೆ ಸೇರಿದೆಯೆಂದು ನೋಡತಕ್ಕದ್ದು. ಎರಡು ಪ್ರೊಸೆಸರಿನ ಬೋರ್ಡಿನಲ್ಲಿ ಒಂದನ್ನೇ ಹಾಕಿದ್ದರೆ, ಎರಡನೆಯದಕ್ಕೆ ಸೇರಿದ ಸ್ಲಾಟುಗಳಿಗೆ ಜೀವವಿರುವುದಿಲ್ಲ; ಎಂತಹ ಉತ್ತಮ ರೈಸರನ್ನು ತಂದರೂ ಪ್ರಯೋಜನವಿಲ್ಲ. ಆಮೇಲೆ ತಯಾರಕನ ಪಟ್ಟಿಯಿಂದ ರೈಸರಿನ ಹೆಸರನ್ನು ಹುಡುಕಬೇಕು. ‘ಆರ್.ಎಸ್.ಸಿ. - ಆರ್ ೧ ಯು ಡಬ್ಲ್ಯು - ೨ ಇ ೧೬’ ಎಂಬಂತಹ ಹೆಸರುಗಳು ಮೊದಲ ನೋಟಕ್ಕೆ ಮಂತ್ರಾಕ್ಷರಗಳಂತೆ ಕಂಡರೂ ಅರ್ಥವುಳ್ಳವು. ‘೧ ಯು’ ಎಂಬುದು ಎತ್ತರ. ‘ಡಬ್ಲ್ಯು’ ಎಂಬುದು ಡಬ್ಲ್ಯು.ಐ.ಒ.; ‘೨ ಇ ೧೬’ ಎಂದರೆ ೧೬ ಲೇನಿನ ಎರಡು ಎಕ್ಸ್‌ಪ್ರೆಸ್ ಸ್ಲಾಟುಗಳು. ಹೆಸರು ತಾಳೆಯಾದ ಮೇಲೂ, ಅದು ಎಷ್ಟನೆಯ ಪೀಳಿಗೆಯ ವೇಗಕ್ಕೆ ತಯಾರಾದದ್ದು ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಬೋರ್ಡು ನಾಲ್ಕನೆಯದಾಗಿ ರೈಸರು ಮೂರನೆಯದೇ ದೊರೆತರೆ ಅದನ್ನು ಎಸೆಯಬೇಕಾಗಿಲ್ಲ. ಬಯೋಸ್‌ನಲ್ಲಿ ಆ ಸ್ಲಾಟಿನ ವೇಗವನ್ನು ಮೂರನೆಯದಕ್ಕೆ ಕಟ್ಟಿಹಾಕುವ ಅನುಕೂಲವಿದ್ದಲ್ಲಿ, ಹಾಗೆ ಮಾಡಿ ನೆಮ್ಮದಿಯಾಗಿ ನಡೆಸಬಹುದು.

ಕೂಡಿಸಿದ ಬಳಿಕ ಪರೀಕ್ಷೆ. ಲಿನಕ್ಸ್ ಬಳಸುವವರಿಗೆ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಪರಿಚಿತ. ಅದರ ವಿವರವಾದ ಉತ್ತರದಲ್ಲಿ ಪ್ರತಿಯೊಂದು ಕಾರ್ಡಿಗೂ ಎರಡು ಸಾಲುಗಳಿರುವುವು: ಒಂದು ಕಾರ್ಡಿನ ಸಾಮರ್ಥ್ಯ, ಇನ್ನೊಂದು ಸದ್ಯಕ್ಕೆ ನಡೆಯುತ್ತಿರುವ ವೇಗ ಮತ್ತು ಲೇನುಗಳ ಸಂಖ್ಯೆ. ಇವೆರಡೂ ಒಂದೇ ಆಗಿದ್ದರೆ ರೈಸರು ಹೊಂದಿತು. ಲೇನುಗಳು ೧೬ರ ಬದಲು ೮ ಎಂದಿದ್ದರೆ ಸ್ಲಾಟಿನ ಜೋಡಣೆಯನ್ನೂ ಬಯೋಸಿನ ವಿಭಜನೆಯನ್ನೂ ನೋಡಬೇಕು. ವೇಗ ಇಳಿದಿದ್ದರೆ ಸಂಕೇತದ ನಷ್ಟವನ್ನು ಸಂದೇಹಿಸಬೇಕು. ತಿದ್ದಿಕೊಂಡ ದೋಷಗಳ ಎಣಿಕೆಯೂ ಯಂತ್ರದ ದಿನಚರಿಯಲ್ಲಿ ದಾಖಲಾಗುವುದುಂಟು. ಅದು ಗಂಟೆಗಂಟೆಗೂ ಏರುತ್ತಿದ್ದರೆ ವೇಗ ಸರಿಯಾಗಿ ಕಂಡರೂ ಆ ರೈಸರನ್ನು ನಂಬುವಂತಿಲ್ಲ. ಗ್ರಾಫಿಕ್ಸ್ ಕಾರ್ಡುಗಳು ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸಲು ತಾವಾಗಿಯೇ ವೇಗವನ್ನು ಇಳಿಸಿಕೊಳ್ಳುವುವು. ಆದುದರಿಂದ ಕಾರ್ಡಿಗೆ ಒಂದು ದೊಡ್ಡ ಲೆಕ್ಕವನ್ನು ಕೊಟ್ಟು, ಅದು ದುಡಿಯುತ್ತಿರುವಾಗ ಈ ಎರಡು ಸಾಲುಗಳನ್ನು ಓದತಕ್ಕದ್ದು.